ರಿಜ಼ೊ ಅಕ್ಕಿಯಿಂದ ಬಂತೇ? ಚೀಲದ ಮೇಲೆ ಅಚ್ಚು ಹಾಕಿಸುವ ಮುಂಚೆ

ಪ್ರಶ್ನೆ: ನಮ್ಮದು ಗಂಗಾವತಿ. ಮಾವನವರ ಅಕ್ಕಿ ಗಿರಣಿಯ ಲೆಕ್ಕಪತ್ರ ನಾನೇ ನೋಡುತ್ತೇನೆ. ಒಂದು ವರ್ಷದಿಂದ ಮೊಬೈಲಿನಲ್ಲಿ ಎಸ್ಪೆರಾಂಟೊ ಕಲಿಯುತ್ತಿದ್ದೇನೆ. ಬೇರೆ ಬೇರೆ ದೇಶದವರು ಮಾತಾಡಿಕೊಳ್ಳಲೆಂದು ಕಟ್ಟಿದ ಭಾಷೆ ಅದು. ಪೋಲೆಂಡಿನಲ್ಲೊಬ್ಬರು, ಬ್ರೆಜಿಲಿನಲ್ಲೊಬ್ಬರು ಆ ಭಾಷೆಯಿಂದಲೇ ಗೆಳತಿಯರಾಗಿದ್ದಾರೆ. ಎಸ್ಪೆರಾಂಟೊದಲ್ಲಿ ಅಕ್ಕಿಗೆ ರಿಜ಼ೊ ಎನ್ನುತ್ತಾರೆ. ಈಚೆಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಬರಹ ಬಂತು: "ಕನ್ನಡದ ಅಕ್ಕಿ ತಮಿಳಿನಲ್ಲಿ ಅರಿಸಿ ಆಯಿತು, ಅರಿಸಿ ಗ್ರೀಕರ ಬಾಯಲ್ಲಿ ಒರಿಜ಼ಾ ಆಯಿತು, ಅದೇ ರೈಸ್, ಅದೇ ರಿಜ಼ೊ. ಎಸ್ಪೆರಾಂಟೊ ಕಟ್ಟಿದವರೂ ಕನ್ನಡದ ಪದವನ್ನೇ ಆರಿಸಿಕೊಂಡರು." ಮಾವನವರಿಗೆ ಬಹಳ ಖುಷಿಯಾಗಿ, "ಮುಂದಿನ ಹಂಗಾಮಿನ 25 ಕೆ.ಜಿ. ಚೀಲದ ಮೇಲೆ ಇದನ್ನೇ ಅಚ್ಚು ಹಾಕಿಸು" ಅಂದಿದ್ದಾರೆ. ಪಕ್ಕದ ಕ್ಯಾಂಪಿನ, ಅಂದರೆ ಆಂಧ್ರದಿಂದ ಬಂದು ನೆಲೆಸಿದವರ ಊರಿನ, ತೆಲುಗು ರೈತರೊಬ್ಬರು "ಅಕ್ಕಿ ಅಲ್ಲ, ನಮ್ಮ ವರಿಯೇ ಮೂಲ" ಅನ್ನುತ್ತಾರೆ. ವರಿ ಅಂದರೆ ತೆಲುಗಿನಲ್ಲಿ ಭತ್ತ. ಪಿಯುಸಿ ಓದುವ ಮಗಳು ರಾಜ್ಯೋತ್ಸವದ ಭಾಷಣಕ್ಕೂ ಇದನ್ನೇ ಬರೆದುಕೊಂಡಿದ್ದಾಳೆ. ಯಾವುದು ನಿಜ? ಅಚ್ಚು ಹಾಕಿಸಬಹುದೇ?

ಉತ್ತರ: ಚೀಲದ ಆರ್ಡರ್ ಕೊಟ್ಟಿಲ್ಲವಾದರೆ ಸ್ವಲ್ಪ ತಡೆಯಿರಿ. ಅಕ್ಕಿಯಿಂದ ರಿಜ಼ೊ ಬಂದಿಲ್ಲ. ಅರಿಸಿಯಿಂದ ಬಂತು ಎನ್ನುವುದು ನೂರೈವತ್ತು ವರ್ಷಕ್ಕೂ ಹಳೆಯ ಊಹೆ, ಇಂದು ಅದಕ್ಕೆ ಬಲವಿಲ್ಲ. ಕ್ಯಾಂಪಿನ ರೈತರ ಮಾತು ಪೂರ್ತಿ ಸರಿಯಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ. ಈ ಮೂರು ಮಾತುಗಳಲ್ಲಿ ನಿಜಕ್ಕೆ ಹೆಚ್ಚು ಹತ್ತಿರ ಇರುವುದು ಅವರದೇ.

ನಿಮ್ಮ ಗೊಂದಲಕ್ಕೆ ಕಾರಣ, ಒಂದೇ ಪ್ರಶ್ನೆಯಂತೆ ಕಾಣುವಲ್ಲಿ ಎರಡು ಪ್ರಶ್ನೆ ಬೆರೆತಿರುವುದು. ಎಸ್ಪೆರಾಂಟೊ ಕಟ್ಟಿದ ಝಮೆನ್‌ಹಾಫ್ ಈ ಪದವನ್ನು ಯಾರಿಂದ ತಗೊಂಡರು ಎನ್ನುವುದು ಒಂದು. ಕೊಟ್ಟವರಿಗೆ ಅದು ಎಲ್ಲಿಂದ ಬಂದಿತ್ತು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಬರಹದಲ್ಲೇ ಸಾಕ್ಷಿ ಇದೆ. ಎರಡನೆಯದಕ್ಕೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಹೋಗಬೇಕು, ಒಂದೊಂದು ಮೆಟ್ಟಿಲಿಗೂ ಬೇರೆ ಸಾಕ್ಷಿ ಬೇಕು. ಆ ವಾಟ್ಸ್‌ಆ್ಯಪ್ ಬರಹ ಮೆಟ್ಟಿಲುಗಳನ್ನೇ ಬಿಟ್ಟು ನೇರ ಮಾಳಿಗೆಗೆ ಹಾರಿದೆ.

ಮೊದಲು ಹತ್ತಿರದ ಮೂಲ. ಝಮೆನ್‌ಹಾಫ್ ವೃತ್ತಿಯಲ್ಲಿ ಕಣ್ಣಿನ ವೈದ್ಯರು. ಅವರ ಮೊದಲ ಪುಸ್ತಕ ವಾರ್ಸಾದಲ್ಲಿ 1887ರಲ್ಲಿ ಹೊರಬಂತು. 1894ರಲ್ಲಿ ಅವರು ದೊಡ್ಡ ಪದಪಟ್ಟಿಯೊಂದನ್ನು ಪ್ರಕಟಿಸಿದರು. ಅದರಲ್ಲಿ ಪ್ರತಿ ಎಸ್ಪೆರಾಂಟೊ ಧಾತುವಿನ ಮುಂದೆ ಫ್ರೆಂಚ್, ಇಂಗ್ಲಿಷ್, ಜರ್ಮನ್, ರಷ್ಯನ್, ಪೋಲಿಷ್ ಎಂಬ ಐದು ಭಾಷೆಗಳ ಅರ್ಥ ಸಾಲಾಗಿ ಇದೆ. 1905ರಲ್ಲಿ ಅದೇ ಪಟ್ಟಿ ಭಾಷೆಯ ಅಡಿಪಾಯ ಎನಿಸಿದ 'ಫುಂಡಮೆಂತೊ' ಗ್ರಂಥದೊಳಗೆ ಸೇರಿತು. ಎಸ್ಪೆರಾಂಟೊ ಪದದ ಮೂಲ ನೋಡುವವರು ಮೊದಲು ತೆಗೆಯಬೇಕಾದದ್ದು ಆ ಸಾಲು. 'ರಿಜ಼್' ಎಂಬ ಧಾತುವಿನ ಮುಂದೆ ಫ್ರೆಂಚಿನ ರಿ, ಇಂಗ್ಲಿಷಿನ ರೈಸ್, ಜರ್ಮನ್ನಿನ ರೈಸ್, ರಷ್ಯನ್ನಿನ ರಿಸ್, ಪೋಲಿಷಿನ ರಿಷ್ ಇವೆ. ಐದೂ ಒಂದೇ ಬಳಗದವು. ಇಷ್ಟು ಜನರ ಬಾಯಲ್ಲಿ ಆಗಲೇ ಇದ್ದ ಪದವನ್ನು ಬಿಟ್ಟು ಬೇರೆ ಹುಡುಕುವ ಅಗತ್ಯ ಅವರಿಗೆ ಇರಲಿಲ್ಲ. ಹೆಚ್ಚು ಭಾಷೆಗಳಲ್ಲಿ ಚಲಾವಣೆಯಲ್ಲಿರುವ ಪದವನ್ನು ಎತ್ತಿಕೊಳ್ಳುವುದೇ ಅವರ ಪದ್ಧತಿ.

ಕೊನೆಯ ಧ್ವನಿ ಸ ಅಲ್ಲದೆ ಜ಼ ಯಾಕಾಯಿತು? ಫ್ರೆಂಚರು ಉಚ್ಚರಿಸುವುದು ಬರೀ 'ರಿ', ಆದರೆ ಬರೆಯುವಾಗ ಕೊನೆಗೆ ಜೆಡ್ ಹಾಕುತ್ತಾರೆ. ಪೋಲಿಷಿನಲ್ಲೂ ಕೊನೆಯ ಅಕ್ಷರ ಜೆಡ್, ಅದರ ನೆತ್ತಿಯ ಮೇಲೊಂದು ಚುಕ್ಕಿ. ನಿಮ್ಮ ಪೋಲೆಂಡಿನ ಗೆಳತಿಗೆ ಈ ಪದ ಒಮ್ಮೆ ಹೇಳಲು ಹೇಳಿ. ಕಿವಿಗೆ 'ರಿಷ್' ಎಂದು ಕೇಳುತ್ತದೆ. ಬರೆದು ತೋರಿಸು ಅನ್ನಿ, ಆ ಚುಕ್ಕಿಯ ಜೆಡ್ ಕಾಣುತ್ತದೆ. ಝಮೆನ್‌ಹಾಫ್ ಬೆಳೆದದ್ದು ಪೋಲಿಷ್, ರಷ್ಯನ್, ಯಿಡ್ಡಿಷ್, ಜರ್ಮನ್ ಮಾತಿನ ನಡುವೆ. ಆ ನೆಲದಲ್ಲಿ ಭತ್ತ ಬೆಳೆಯುವುದಿಲ್ಲ. ಧಾನ್ಯವೂ ಅದರ ಹೆಸರೂ ಹೊರಗಿನಿಂದ ವ್ಯಾಪಾರದಲ್ಲಿ ಬಂದವು. ರಷ್ಯನ್ನರು ರಿಸ್ ಎಂಬ ಪದ ರೂಢಿಯಾಗುವ ಮುಂಚೆ ಅಕ್ಕಿಯನ್ನು 'ಸರಾಸಿನರ ಸಿರಿಧಾನ್ಯ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಸರಾಸಿನರು ಎಂದರೆ ಪೂರ್ವದ ಮುಸ್ಲಿಮರು. ಹೊಸ ಕಾಳು ಬಂದಾಗ ಮನೆಯಲ್ಲಿ ಗೊತ್ತಿರುವ ಕಾಳಿನ ಹೆಸರನ್ನೇ ಅದಕ್ಕೆ ಹಚ್ಚುವುದು ಎಲ್ಲ ಕಡೆ ಇರುವ ರೂಢಿ.

ಇನ್ನು ಕೊನೆಯ 'ಒ'. ಅದು ಮೂಲದ ಲೆಕ್ಕಕ್ಕೆ ಬರುವುದಿಲ್ಲ. ಎಸ್ಪೆರಾಂಟೊದಲ್ಲಿ ಎಲ್ಲ ನಾಮಪದಗಳಿಗೂ ಅದೇ ಪ್ರತ್ಯಯ. ಹೋಲಿಸುವಾಗ ಅದನ್ನು ಕಿತ್ತಿಟ್ಟು ಬರೀ ಧಾತುವನ್ನು ನೋಡಬೇಕು. ಹೀಗೆ ಮಾಡದೆ ಹೋದವರು ಬರೀ ಸದ್ದಿನ ಹೋಲಿಕೆ ಹಿಡಿದು ಮೋಸ ಹೋಗುತ್ತಾರೆ. ಎಸ್ಪೆರಾಂಟೊದಲ್ಲಿ 'ಕಯ್' ಎಂದರೆ 'ಮತ್ತು'. ಅದು ಗ್ರೀಕಿನಿಂದ ಬಂದದ್ದು, ನಮ್ಮ ಕೈಗೂ ಅದಕ್ಕೂ ಸಂಬಂಧವಿಲ್ಲ. 'ಆವೊ' ಎಂದರೆ ಅಜ್ಜ. ಅದು ಲ್ಯಾಟಿನ್ನಿನದು, ನಮ್ಮ ಕಡೆ ತಾಯಿಯನ್ನು ಕರೆಯುವ ಅವ್ವಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಪದಗಳು ಚಿಕ್ಕದಾದಷ್ಟೂ ಆಕಸ್ಮಿಕ ಹೋಲಿಕೆ ಹೆಚ್ಚು. ಅಕ್ಕಿ, ಅರಿಸಿ, ರಿಜ಼್ ಮೂರೂ ಚಿಕ್ಕ ಪದಗಳು, ಮೂರಕ್ಕೂ ಒಂದೇ ಅರ್ಥ. ಹಾಗಾಗಿ ಎಚ್ಚರ ಇಲ್ಲಿ ಇನ್ನೂ ಹೆಚ್ಚಿರಬೇಕು.

ಈಗ ದೂರದ ದಾರಿ. ಯುರೋಪಿನ ರೈಸ್, ರಿ, ರಿಸ್ ಎಲ್ಲವೂ ಲ್ಯಾಟಿನ್ ಮತ್ತು ಇಟಾಲಿಯನ್ ಮೂಲಕ ಗ್ರೀಕಿನ 'ಒರಿಜ಼ಾ'ಕ್ಕೆ ಹೋಗಿ ನಿಲ್ಲುತ್ತವೆ. ಈ ಭಾಗದಲ್ಲಿ ವಿವಾದ ಇಲ್ಲ. ಗ್ರೀಕರಿಗೆ ಭತ್ತದ ಬೆಳೆ ಹತ್ತಿರದಿಂದ ತಿಳಿದದ್ದು ಅಲೆಕ್ಸಾಂಡರನ ದಂಡಯಾತ್ರೆಯಿಂದ, ಅಂದರೆ ಕ್ರಿ.ಪೂ. 327–325ರ ಹೊತ್ತಿಗೆ. ಅವನ ಜೊತೆ ಬಂದಿದ್ದ ಅರಿಸ್ಟೊಬುಲಸ್ ಎಂಬವನು ಬರೆದಿಟ್ಟದ್ದನ್ನು ಆಮೇಲೆ ಭೂಗೋಳದ ಗ್ರಂಥ ಬರೆದ ಸ್ಟ್ರಾಬೊ ಉಲ್ಲೇಖಿಸಿದ್ದಾನೆ: ಈ ಬೆಳೆ ಕಟ್ಟಿ ನಿಲ್ಲಿಸಿದ ನೀರಿನಲ್ಲಿ, ಮಡಿಗಳಲ್ಲಿ ಬೆಳೆಯುತ್ತದೆ, ನಾಲ್ಕು ಮೊಳ ಎತ್ತರ, ತೆನೆ ಹಲವು. ನಿಮ್ಮ ಗದ್ದೆಯ ಬದುವಿನ ಮೇಲೆ ನಿಂತು ನೋಡಿದವರ ಮಾತಿನಂತೆಯೇ ಇದೆ. ಆದರೆ ಅವರು ನೋಡಿದ್ದು ತುಂಗಭದ್ರೆಯ ದಂಡೆ ಅಲ್ಲ, ಸಿಂಧೂ ಕಡೆಯ ವಾಯವ್ಯ ಭಾರತ ಮತ್ತು ಅದರಾಚೆಯ ಇರಾನಿನ ನೆಲ. ಅದಾದ ಸ್ವಲ್ಪ ಕಾಲಕ್ಕೆ ಥಿಯೊಫ್ರಾಸ್ಟಸ್ ಸಸ್ಯಗಳ ಬಗ್ಗೆ ಬರೆಯುವಾಗ ಇದೇ ಹೆಸರನ್ನು 'ಒರಿಜ಼ೊನ್' ಎಂಬ ರೂಪದಲ್ಲಿ ಬಳಸುತ್ತಾನೆ. ಕಾಲ ಮತ್ತು ದಾರಿ ಎರಡೂ ವಾಯವ್ಯದ ಕಡೆಗೇ ಬೆರಳು ತೋರಿಸುತ್ತವೆ.

ಧ್ವನಿಯ ಸಾಕ್ಷಿಯೂ ಅದನ್ನೇ ಹೇಳುತ್ತದೆ. ಅಫ್ಘಾನಿಸ್ತಾನದ ಕಡೆಯ ಪುಷ್ತು ಭಾಷೆಯಲ್ಲಿ ಅಕ್ಕಿಗೆ 'ವ್ರಿಝೆ', ಪರ್ಶಿಯನ್ನಿನಲ್ಲಿ 'ಬಿರಿಂಜ್', ಸಂಸ್ಕೃತದಲ್ಲಿ 'ವ್ರೀಹಿ'. ಈ ಕೊನೆಯ ಪದ ನಿಮಗೂ ನಿಮ್ಮ ಮಗಳಿಗೂ ಶಾಲೆಯಿಂದಲೇ ಗೊತ್ತು: ಬಹುವ್ರೀಹಿ ಸಮಾಸ. 'ಬಹಳ ಅಕ್ಕಿ ಉಳ್ಳವನು', ಅಂದರೆ ಸಿರಿವಂತ. ಆ ಸಮಾಸಕ್ಕೆ ಉದಾಹರಣೆಯಾಗಿದ್ದ ಪದವೇ ಸಮಾಸದ ಹೆಸರಾಗಿ ನಿಂತಿತು. ಮುಕ್ಕಣ್ಣ, ಚಕ್ರಪಾಣಿ ಎಂದು ಬಾಯಿಪಾಠ ಮಾಡಿದವರೆಲ್ಲ ರಿಜ಼ೊ ಪದದ ಹಳೆಯ ನೆಂಟನ ಹೆಸರನ್ನು ಹೇಳಿಕೊಂಡೇ ಪಾಸಾಗಿದ್ದಾರೆ.

ವ್ರೀಹಿಯ 'ಹಿ' ಎಲ್ಲಿ, ರಿಜ಼ೊದ 'ಜ಼' ಎಲ್ಲಿ ಎಂದು ನೀವು ಕೇಳಬಹುದು. ಸಂಸ್ಕೃತದಲ್ಲಿ ಹ ಇರುವ ಎಷ್ಟೋ ಕಡೆ ಇರಾನಿನ ಭಾಷೆಗಳಲ್ಲಿ ಜ಼ ಇರುತ್ತದೆ. ಇದಕ್ಕೆ ಉದಾಹರಣೆ ನಿಮ್ಮ ಬಾಯಲ್ಲೇ ಇದೆ. "ಬಾಜೂ ಮನಿಯವರು" ಅನ್ನುತ್ತೀರಲ್ಲ, ಆ ಬಾಜು ಪರ್ಶಿಯನ್ನಿನ 'ಬಾಜ಼ೂ', ಅಂದರೆ ತೋಳು, ಅದರಿಂದ 'ಪಕ್ಕ'. ಸಂಸ್ಕೃತದಲ್ಲಿ ಅದೇ 'ಬಾಹು'. ಸಹಸ್ರ ಮತ್ತು ಹಜ಼ಾರ್ ಕೂಡ ಇಂಥದ್ದೇ ಜೋಡಿ. ಸಂಸ್ಕೃತದ ಆ ಹ ಬಹಳ ಹಿಂದೆ ಝ-ಕಾರಕ್ಕೆ ಹತ್ತಿರದ ಧ್ವನಿಯಾಗಿತ್ತು, ಇರಾನಿನ ಕಡೆ ಅದು ಜ಼ ಆಗಿ ಉಳಿಯಿತು. ಬಾಹುವಿಗೆ ಬಾಜು ಹೇಗೋ, ವ್ರೀಹಿಗೆ 'ವ್ರಿಜ಼ಿ'ಯಂಥ ಇರಾನಿ ರೂಪ ಹಾಗೆ. ಗ್ರೀಕಿನ ಜ಼ ಬಂದದ್ದು ಅಲ್ಲಿಂದ.

ಮೊದಲಿನ 'ಒ'ಗೂ ಕಾರಣವಿದೆ. ಅಥೆನ್ಸಿನ ಗ್ರೀಕಿನಲ್ಲಿ ಆ ಕಾಲಕ್ಕೆ ವ-ಕಾರ ಸತ್ತುಹೋಗಿತ್ತು. ಹೊರಗಿನ ಪದದ ಮೊದಲಲ್ಲಿ ವ ಬಂದರೆ ಅದನ್ನು ಸ್ವರವಾಗಿ ಬದಲಿಸಿ ಹೇಳುತ್ತಿದ್ದರು. ಪರ್ಶಿಯಾದ ರಾಜಮನೆತನದ ವಿಷ್ತಾಸ್ಪ ಎಂಬ ಹೆಸರು ಗ್ರೀಕ್ ಬರಹಗಳಲ್ಲಿ ಹಿಸ್ತಾಸ್ಪೆಸ್ ಆಗಿದ್ದು ಹೀಗೇ. 'ವ್ರಿ' ಅನ್ನಲು ನಾಲಿಗೆ ಹೊರಳದೆ 'ಒರಿ' ಆಯಿತು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದು ಅರಿಸಿಯ ವಾದ ಎಲ್ಲಿ ಸೋಲುತ್ತದೆ ಎಂದು ಕಾಣಲಿ ಎಂದೇ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ದೊಡ್ಡ ವಿದ್ವಾಂಸರು. ಒರಿಜ಼ಾ ತಮಿಳಿನ ಅರಿಸಿಯಿಂದ ಬಂದಿರಬೇಕೆಂದು ಬರೆದವರು ಅವರೇ. ಆ ಕಾಲಕ್ಕೆ ಅದು ಒಳ್ಳೆಯ ಊಹೆ. ತಮಿಳುನಾಡು, ಕೇರಳದ ಕರಾವಳಿಗೂ ಗ್ರೀಕ್ ಹಡಗುಗಳಿಗೂ ವ್ಯಾಪಾರ ನಡೆದದ್ದು ನಿಜ. ಆದರೆ ಆ ವ್ಯಾಪಾರ ಜೋರಾದದ್ದು ಥಿಯೊಫ್ರಾಸ್ಟಸ್ ಸತ್ತು ಎರಡು ಶತಮಾನಕ್ಕೂ ಹೆಚ್ಚಾದ ಮೇಲೆ. ಪದ ಮೊದಲೇ ಗ್ರೀಸ್ ತಲುಪಿ ಆಗಿತ್ತು. ಧ್ವನಿಯೂ ಕೂಡುವುದಿಲ್ಲ. ಅರಿಸಿಯ ಮೊದಲಲ್ಲಿ ಅ ಇದೆ; ಗ್ರೀಕರಿಗೆ ಅ ಹೇಳಲು ಯಾವ ಕಷ್ಟವೂ ಇರಲಿಲ್ಲ, ಅದನ್ನು ಒ ಮಾಡಬೇಕಾದ ಕಾರಣವೇ ಇಲ್ಲ. 'ಸ' ಯಾಕೆ ಜ಼ ಆಯಿತು ಎನ್ನುವುದಕ್ಕೂ ಉತ್ತರ ಸಿಗುವುದಿಲ್ಲ. ಇರಾನಿನ ರೂಪ ಇಟ್ಟರೆ ಎರಡೂ ತಾನಾಗಿ ಬಿಡಿಸಿಕೊಳ್ಳುತ್ತವೆ.

ನಿಮ್ಮ ಬ್ರೆಜಿಲಿನ ಗೆಳತಿಯ ಭಾಷೆ ಇಲ್ಲಿ ಇನ್ನೊಂದು ಬಲೆ ಒಡ್ಡುತ್ತದೆ. ಪೋರ್ಚುಗೀಸಿನಲ್ಲಿ ಅಕ್ಕಿಗೆ ಬರೆಯುವುದು 'ಅರ್ರೋಸ್'. ಮೊದಲಲ್ಲೇ ಅ ಕಂಡ ಕೂಡಲೇ ಅರಿಸಿಯ ವಾದಕ್ಕೆ ಜೀವ ಬಂದಂತೆ ಅನಿಸುತ್ತದೆ. ಅದು ಅರಬ್ಬಿಯಿಂದ ಬಂದದ್ದು. ಅರಬ್ಬಿಯಲ್ಲಿ ಅಕ್ಕಿ 'ರುಜ಼್ಜ಼್'. ಅದಕ್ಕೆ ಇಂಗ್ಲಿಷಿನ 'ದಿ'ಯಂಥ 'ಅಲ್' ಎಂಬ ಉಪಪದ ಸೇರಿದಾಗ ಲ ಹೋಗಿ ರ ಇಮ್ಮಡಿಯಾಗಿ 'ಅರ್ರುಜ಼್ಜ಼್' ಆಗುತ್ತದೆ. ಅಬ್ದುಲ್ ಎಂಬುದು ರಹಮಾನ್ ಜೊತೆ ಸೇರಿ ಅಬ್ದುರ್ರಹಮಾನ್ ಆಗುವುದನ್ನು ನೀವು ಕೇಳಿದ್ದೀರಿ. ಪೋರ್ಚುಗೀಸ್, ಸ್ಪ್ಯಾನಿಷ್ ಪದಗಳ ಅ ಆ ಉಪಪದದ್ದು, ಧಾನ್ಯದ ಹೆಸರಿನದ್ದಲ್ಲ. ಬಿರಿಯಾನಿಯನ್ನು ಬಿರಿಂಜ್‌ಗೆ ಕಟ್ಟುವವರೂ ಇದ್ದಾರೆ. ಹೆಚ್ಚು ಒಪ್ಪಿಗೆ ಇರುವುದು 'ಬಿರಿಯಾನ್', ಅಂದರೆ ಹುರಿದದ್ದು, ಎಂಬ ಮೂಲಕ್ಕೆ.

ಹಾಗಾದರೆ ಅಕ್ಕಿ? ಅಕ್ಕಿ ಮತ್ತು ಅರಿಸಿ ಒಂದೇ ಬಳಗದವು, ಇಷ್ಟರಮಟ್ಟಿಗೆ ಆ ಬರಹ ಸರಿ. ತುಳುವಿನ ಅರಿ, ಮಲಯಾಳದ ಅರಿ, ಕೊಡವರ ಅಕ್ಕಿ, ನೀಲಗಿರಿಯ ತೋಡರ ಅಸ್ಕಿ ಎಲ್ಲ ಅದೇ ಸಾಲಿನವು. ಆದರೆ "ಅಕ್ಕಿ ತಮಿಳಿನಲ್ಲಿ ಅರಿಸಿ ಆಯಿತು" ಎನ್ನುವುದು ತಪ್ಪು. ಒಬ್ಬ ತಾಯಿಯ ಮಕ್ಕಳಲ್ಲಿ ಒಬ್ಬರು ಇನ್ನೊಬ್ಬರಿಗೆ ತಾಯಿಯಾಗುವುದಿಲ್ಲ. ಎರಡೂ ಅವಕ್ಕಿಂತ ಹಳೆಯ ಮೂಲದ್ರಾವಿಡ ರೂಪವೊಂದರಿಂದ ಬೇರೆ ಬೇರೆಯಾಗಿ ಇಳಿದವು.

ಕ್ಯಾಂಪಿನ ರೈತರ ವರಿಗೆ ಬರೋಣ. ಇದೇ ಈ ಇಡೀ ಪ್ರಶ್ನೆಯ ಒಳ್ಳೆಯ ಭಾಗ. ವ್ರೀಹಿ ಎಂಬ ಪದ ಋಗ್ವೇದದಲ್ಲಿ ಇಲ್ಲ. ಅಲ್ಲಿ ಸಿಗುವ ಧಾನ್ಯ ಯವ, ಅಂದರೆ ಬಾರ್ಲಿಯಂಥ ಕಾಳು. ವ್ರೀಹಿ ಮೊದಲು ಕಾಣಿಸುವುದು ಅಥರ್ವವೇದದಲ್ಲಿ. ಯುರೋಪಿನ ಹಳೆಯ ಸೋದರ ಭಾಷೆಗಳಲ್ಲಿ ಇದಕ್ಕೆ ಸರಿಯಾದ ಜ್ಞಾತಿಪದ, ಅಂದರೆ ಒಂದೇ ಮೂಲದಿಂದ ಇಳಿದ ಪದ, ಸಿಗುವುದಿಲ್ಲ, ಸಿಗುವುದೆಲ್ಲ ಗ್ರೀಕಿನ ಮೂಲಕ ಹೋದ ಎರವಲು. ಹಾಗಾಗಿ ಸಂಸ್ಕೃತ ಮತ್ತು ಇರಾನಿನ ಭಾಷೆಗಳು ಈ ಪದವನ್ನು ಭತ್ತ ಬೆಳೆಯುತ್ತಿದ್ದ ಯಾವುದೋ ಜನರಿಂದ ತಗೊಂಡವು ಎಂದು ಬಹಳ ವಿದ್ವಾಂಸರು ಒಪ್ಪುತ್ತಾರೆ. ಯಾರಿಂದ ಎನ್ನುವಲ್ಲಿ ಒಮ್ಮತ ಇಲ್ಲ. ಒಂದು ಪ್ರಬಲ ಸಲಹೆ ದ್ರಾವಿಡದ ಕಡೆಗಿದೆ. ತೆಲುಗಿನಲ್ಲಿ ಭತ್ತದ ಬೆಳೆಗೆ ವರಿ, ಮಧ್ಯ ಭಾರತದ ಗೊಂಡಿಯಲ್ಲಿ ವಂಜಿ. ಇವುಗಳ ಹಿಂದೆ 'ವರಿಂಚಿ' ಎಂಬಂಥ ಹಳೆಯ ರೂಪವನ್ನು ಊಹಿಸಿ, ಅದನ್ನು ವ್ರೀಹಿಗೂ ಬಿರಿಂಜ್‌ಗೂ ಜೋಡಿಸಿದವರಲ್ಲಿ ಫ್ರಾಂಕ್ಲಿನ್ ಸೌತ್‌ವರ್ತ್ ಮುಖ್ಯರು. ಇಲ್ಲಿ ಮೊದಲಿನ ವ ಕೂಡುತ್ತದೆ, ಬಿರಿಂಜ್‌ನ ನಡುವಿನ ಅನುನಾಸಿಕವೂ ಕೂಡುತ್ತದೆ. ಅರಿಸಿ ವಾದಕ್ಕೆ ಇಲ್ಲದ ಬಲ ಇದು. ಆದರೂ ಇದು ಸಲಹೆ, ಸಾಬೀತಾದ ಸಂಗತಿಯಲ್ಲ. ಪೂರ್ವ ಭಾರತದ ಆದಿವಾಸಿಗಳ ಮುಂಡಾ ಭಾಷೆಗಳತ್ತ ನೋಡುವವರೂ ಇದ್ದಾರೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಅಕ್ಕಿ–ಅರಿಸಿಯನ್ನೂ ವರಿಯನ್ನೂ ಬೇರೆ ಬೇರೆ ನಮೂದುಗಳಲ್ಲಿ ಇಟ್ಟಿದೆ ಎಂಬುದನ್ನು ಮರೆಯಬೇಡಿ. ಕ್ಯಾಂಪಿನ ರೈತರಿಗೆ ನೀವು ಹೇಳಬೇಕಾದ್ದು ಇಷ್ಟು: ಇಂದಿನ ತೆಲುಗು ವರಿ ರಿಜ಼ೊದ ತಾಯಿಯಲ್ಲ. ಆದರೆ ಒಂದು ಹಳೆಯ ಮನೆತನಕ್ಕೆ ಸಾಕ್ಷಿ ಹೇಳಬಲ್ಲ ಪದ ಅದು.

ಇನ್ನೊಂದು ನಂಬಿಕೆಯನ್ನೂ ಸರಿಪಡಿಸಬೇಕು, ಯಾಕೆಂದರೆ ನಿಮ್ಮ ಮಗಳ ಭಾಷಣದಲ್ಲಿ ಅದು ನುಸುಳುತ್ತದೆ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಇವತ್ತು ಭತ್ತದ ಸೀಮೆ. ಹಾಗೆಂದು ಭತ್ತ ಇಲ್ಲಿ ಹುಟ್ಟಿದ್ದಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ಜನ ವಾಸವಿದ್ದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟು ಕರಿಯಾದ ಕಾಳುಗಳನ್ನು ಆರಿಸಿ ನೋಡಿದ್ದಾರೆ. ಸಿಕ್ಕ ಮುಖ್ಯ ಆಹಾರ ಕೊರಲೆಯಂಥ ಸಣ್ಣ ಸಿರಿಧಾನ್ಯ, ಹುರುಳಿ, ಹೆಸರು. ಅಕ್ಕಿ ಈ ನೆಲದ ಮುಖ್ಯ ಊಟವಾದದ್ದು ತಡವಾಗಿ. ಆನೆಗೊಂದಿ ಕಡೆ ವಿಜಯನಗರದ ಕಾಲುವೆಗಳು ಒಂದಿಷ್ಟು ಗದ್ದೆ ಮಾಡಿದವು. ಎಡದಂಡೆ ಬಲದಂಡೆ ಉದ್ದಕ್ಕೂ ನೆಲ್ಲು ಹರಡಿದ್ದು 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದ ಮೇಲೆ. ಆ ನೀರಿನ ಹಿಂದೆ ಆಂಧ್ರ ಕರಾವಳಿಯ ರೈತರು ಬಂದರು, ಕ್ಯಾಂಪುಗಳಾದವು, ವರಿ ಎಂಬ ಪದವೂ ಬಂತು. ಒಂದೇ ಕಾಲುವೆ ನೀರು ಕುಡಿದ ಬೆಳೆಗೆ ನೀವು ನೆಲ್ಲು ಅನ್ನುತ್ತೀರಿ, ಅವರು ವರಿ ಅನ್ನುತ್ತಾರೆ. ಎರಡೂ ದ್ರಾವಿಡ ಪದಗಳೇ, ಆದರೆ ಬೇರೆ ಬೇರೆ ಬೇರಿನವು.

ಇನ್ನು ಚೀಲದ ಮಾತು. ಮಾವನವರು ಹೇಳಿದ ವಾಕ್ಯವನ್ನೇ ಹಾಕಿದರೆ ಅಪಾಯ ನೇರವಾಗಿದೆ. ಅಚ್ಚಾದ ಚೀಲ ಅಂಗಡಿಗೆ ಹೋದ ಮೇಲೆ ಮರಳಿ ಬರುವುದಿಲ್ಲ. ಎಸ್ಪೆರಾಂಟೊ ಬಲ್ಲವರ ಬಳಿ ಪದಮೂಲದ ಕೋಶಗಳಿವೆ. ಎಬ್ಬೆ ವಿಲ್ಬೋರ್ಗ್ ಎಂಬ ಸ್ವೀಡನ್ನಿನ ವಿದ್ವಾಂಸರದೇ ಐದು ಸಂಪುಟ ಇದೆ. ಚೀಲದ ಫೋಟೊ ಎಸ್ಪೆರಾಂಟೊ ಬಲ್ಲವರ ಕಣ್ಣಿಗೆ ಬಿದ್ದರೆ ತಪ್ಪು ಹಿಡಿಯಲು ಹತ್ತು ನಿಮಿಷ ಸಾಕು. ಒಂದು ಸುಳ್ಳು ಕಂಡವರು ಪಕ್ಕದಲ್ಲಿ ಬರೆದ 'ಹಳೆಯ ಅಕ್ಕಿ', 'ಕಲಬೆರಕೆ ಇಲ್ಲ' ಎಂಬ ಮಾತುಗಳನ್ನೂ ಅನುಮಾನಿಸುತ್ತಾರೆ.

'ಕೆಲವರ ಪ್ರಕಾರ' ಎಂದು ಸೇರಿಸಿ ಹಾಕಿಸುವುದು ಸುರಕ್ಷಿತ ಅನಿಸಬಹುದು. ಅದನ್ನೂ ಬೇಡ ಅನ್ನುತ್ತೇನೆ. ಅರಿಸಿಯ ಬಗ್ಗೆ ಹಾಗೆ ಹೇಳಬಹುದು, ಯಾಕೆಂದರೆ ಹೇಳಿದ ವಿದ್ವಾಂಸರು ಇದ್ದರು. ಆದರೆ ಅದು ತಮಿಳು ಪದ. ನಿಮ್ಮ ಚೀಲದ ಮೇಲೆ ತಮಿಳಿನ ಹಳೆಯ ವಾದವನ್ನು ಕನ್ನಡದ ಹೆಸರಿಗೆ ಬರೆದುಕೊಂಡಂತೆ ಆಗುತ್ತದೆ. ಅಕ್ಕಿಯ ಬಗ್ಗೆ ಹೇಳಲು ಆ 'ಕೆಲವರು' ಇಲ್ಲ.

ನನಗೆ ಹಿಡಿಸುವ ದಾರಿ ಇದು: "ರಿಜ಼ೊ: ಎಸ್ಪೆರಾಂಟೊದಲ್ಲಿ ಅಕ್ಕಿ. ನಮ್ಮ ಬಹುವ್ರೀಹಿಯ ವ್ರೀಹಿಗೆ ದೂರದ ನೆಂಟ." ಇದರಲ್ಲಿ ಒಂದಕ್ಷರವೂ ಅಲುಗುವುದಿಲ್ಲ. ಗಿರಣಿಯ ಚೀಲಕ್ಕೆ ಅರ್ಥವೂ ಒಪ್ಪುತ್ತದೆ. ಒಂದೇ ಎಚ್ಚರ: 'ನೆಂಟ' ಎಂಬುದನ್ನು ತೆಗೆದು 'ಮೂಲ' ಎಂದು ಯಾರೂ ತಿದ್ದದಂತೆ ನೋಡಿಕೊಳ್ಳಿ. ವ್ರೀಹಿಯಿಂದ ರಿಜ಼ೊ ಇಳಿದದ್ದಲ್ಲ. ಇರಾನಿನ ಸೋದರ ರೂಪದಿಂದ ಗ್ರೀಕಿ‌ಗೆ ಹೋಗಿ ಇಳಿದದ್ದು. ಡಿಸೈನ್ ಮಾಡುವವರು ಜಾಗ ಉಳಿಸಲು ಪದ ಕಡಿಮೆ ಮಾಡುವಾಗ ಇಂಥ ತಪ್ಪು ಆಗುತ್ತದೆ.

ಪದಮೂಲದ ಗೊಡವೆಯೇ ಬೇಡ ಎನಿಸಿದರೆ ಬರೀ ಎಸ್ಪೆರಾಂಟೊ ಹೆಸರು ಹಾಕಿಸಿ: 'ರಿಜ಼ೊ ಎಲ್ ಗಂಗಾವತಿ'. 'ಎಲ್' ಎಂದರೆ 'ಇಂದ', ಹೊರಟ ಜಾಗ ಸೂಚಿಸುತ್ತದೆ. ಹಲವರು ಇಲ್ಲಿ 'ದೆ' ಹಾಕುತ್ತಾರೆ. ಅದಕ್ಕೆ 'ಇಂದ' ಎಂಬ ಅರ್ಥವೂ 'ಅದರ' ಎಂಬ ಅರ್ಥವೂ ಇರುವುದರಿಂದ ಗಂಗಾವತಿ ಎಂಬ ವ್ಯಕ್ತಿಯ ಅಕ್ಕಿ ಎಂದೂ ಓದಬಹುದು. ತೂಕ ಬರೆಯುವಾಗ 'ದೆ'ಯೂ ಅಲ್ಲ, 'ಎಲ್'ಲೂ ಅಲ್ಲ, 'ದಾ' ಬರಬೇಕು: 'ದುದೆಕ್ ಕ್ವಿನ್ ಕಿಲೊಗ್ರಾಮೊಯ್ ದಾ ರಿಜ಼ೊ', ಇಪ್ಪತ್ತೈದು ಕೆ.ಜಿ. ಅಕ್ಕಿ. ಅಳತೆಯ ನಂತರ ವಸ್ತುವನ್ನು ಹೇಳುವಾಗ ಬರುವ ಅವ್ಯಯ ಅದು, ಕಲಿಯುವವರು ಹೆಚ್ಚು ಎಡವುವ ಜಾಗವೂ ಅದೇ. ಸೋನಾ ಮಸೂರಿ ತಳಿಯ ಹೆಸರು, ಅದನ್ನು ಅನುವಾದಿಸಬೇಡಿ.

ಇನ್ನೊಂದು ತೊಡಕು ನಿಮ್ಮ ವ್ಯಾಪಾರಕ್ಕೇ ಸಂಬಂಧಿಸಿದ್ದು. ನಮಗೆ ನೆಲ್ಲು ಬೇರೆ, ಅಕ್ಕಿ ಬೇರೆ, ಅನ್ನ ಬೇರೆ. ಎಸ್ಪೆರಾಂಟೊದಲ್ಲಿ ಮೂರಕ್ಕೂ ರಿಜ಼ೊ ಒಂದೇ. ಗೆಳತಿಗೆ ನೆಲ್ಲಿನ ಬಗ್ಗೆ ಬರೆಯುವಾಗ 'ನೆಸೆನ್‌ಶೆಲಿಗಿತಾ ರಿಜ಼ೊ', ಅಂದರೆ ಸಿಪ್ಪೆ ತೆಗೆಯದ್ದು, ಅನ್ನಿ. ಅನ್ನಕ್ಕೆ 'ಕುಯಿರಿತಾ ರಿಜ಼ೊ', ಬೇಯಿಸಿದ್ದು. ಒಂದು ಕಾಳು ಅಕ್ಕಿ 'ರಿಜ಼ೇರೊ', ಗದ್ದೆ 'ರಿಜ಼ೇಯೊ'. 'ನೆಲ್ಲಿನ ರೇಟು ಬಿತ್ತು' ಎಂದು ತಿಳಿಸಲು ಹೋಗಿ ಬರೀ ರಿಜ಼ೊ ಎಂದು ಬರೆದರೆ ಅವರಿಗೆ ಅಂಗಡಿಯ ಅಕ್ಕಿಯ ರೇಟು ಬಿದ್ದಂತೆ ಕೇಳುತ್ತದೆ.

ಮಗಳ ಭಾಷಣದಲ್ಲಿ ರಿಜ಼ೊ ಬದಲು ಎರಡು ಗಟ್ಟಿ ಪದಗಳನ್ನು ಇಡಿ. ಒಂದು 'ಜ಼ಿಂಗೀಬ್ರೊ'. ನಮ್ಮ ಕಡೆ ಹಸಿಯದಕ್ಕೆ 'ಅಲ್ಲ' ಎಂದೂ ಒಣಗಿದ್ದಕ್ಕೆ 'ಶುಂಠಿ' ಎಂದೂ ಅನ್ನುತ್ತೇವಲ್ಲ, ಅದರ ಎಸ್ಪೆರಾಂಟೊ ಹೆಸರು. ಲ್ಯಾಟಿನ್ನಿನಲ್ಲಿ ಜ಼ಿಂಗಿಬೆರ್, ಅದಕ್ಕೂ ಹಿಂದೆ ಗ್ರೀಕಿನಲ್ಲಿ ಜ಼ಿಂಗಿಬೆರಿಸ್, ಅದರ ಹಿಂದೆ ಪಾಲಿಯ ಸಿಂಗಿವೇರ. ಸಂಸ್ಕೃತದವರು ಅದನ್ನು ಶೃಂಗವೇರ ಮಾಡಿಕೊಂಡು, ಕೊಂಬಿನ ಆಕಾರದ್ದು ಎಂದು ಅರ್ಥ ಹಚ್ಚಿದರು. ಅದು ಗೊತ್ತಿಲ್ಲದ ಪದಕ್ಕೆ ಗೊತ್ತಿರುವ ಅರ್ಥ ತೊಡಿಸಿದ ಪ್ರಸಂಗ, ನಿಮ್ಮ ವಾಟ್ಸ್‌ಆ್ಯಪ್ ಬರಹ ಮಾಡಿದ್ದೂ ಅದನ್ನೇ. ನಿಜವಾದ ಭಾಗಗಳು ದ್ರಾವಿಡದವು: ತಮಿಳು, ಮಲಯಾಳಗಳಲ್ಲಿ ಇಂದಿಗೂ ಹಸಿ ಶುಂಠಿಗೆ ಇಂಜಿ, ಅದರ ಜೊತೆಗೆ 'ವೇರ್'. ಈ ವೇರ್ ಕನ್ನಡದಲ್ಲಿ ಬೇರು. ತಮಿಳಿನ ವಿಲ್ ನಮ್ಮಲ್ಲಿ ಬಿಲ್ಲು, ವಿರಲ್ ನಮ್ಮಲ್ಲಿ ಬೆರಳು, ವಾ ನಮ್ಮಲ್ಲಿ ಬಾ. ವ-ಕಾರ ಬ-ಕಾರ ಆಗುವುದು ಕನ್ನಡದ ನಿಯಮ, ಆಕಸ್ಮಿಕವಲ್ಲ. ಎಸ್ಪೆರಾಂಟೊದವರು ಜ಼ಿಂಗೀಬ್ರೊ ಎಂದಾಗ ಆ 'ಬ್ರ್' ಒಳಗೆ ನಮ್ಮ ಬೇರಿನ ಸೋದರ ಪದ ಸವೆದು ಕೂತಿದೆ.

ಎರಡನೆಯದು 'ಮಾಂಗೊ'. ಪೋರ್ಚುಗೀಸರು ಮಲಯಾಳದ ಮಾಙ್ಙದಿಂದ ಎತ್ತಿಕೊಂಡದ್ದು. ತಮಿಳಿನಲ್ಲಿ ಮಾಂಗಾಯ್, ಮಾ ಮತ್ತು ಕಾಯ್ ಸೇರಿ. ನಮ್ಮ ಮಾವಿನಕಾಯಿಯಲ್ಲೂ ಅವೇ ಎರಡು ಭಾಗ. ಇಲ್ಲೂ ಮಗಳು 'ಕನ್ನಡದಿಂದ ಹೋಯಿತು' ಅನ್ನಬಾರದು. 'ನಮ್ಮ ಮಾವು, ಕಾಯಿಗಳ ಒಡಹುಟ್ಟಿದ ಪದಗಳು ಕೇರಳದ ಕರಾವಳಿಯಿಂದ ಹಡಗು ಹತ್ತಿದವು' ಅಂದರೆ ಸರಿ, ಕೇಳಲೂ ಚೆನ್ನ. ಸುಕೇರೊ, ಅಂದರೆ ಸಕ್ಕರೆ, ಸಂಸ್ಕೃತದ ಶರ್ಕರಾದಿಂದ ಅರಬ್ಬಿಯ ಮೂಲಕ ಹೋದದ್ದು. ಸಮಯ ಉಳಿದರೆ ಸೇರಿಸಬಹುದು.

ಕೊನೆಗೆ ಪ್ರೆಸ್ಸಿಗೆ ಕೊಡುವ ಮುಂಚೆ. ರಿಜ಼ೊ ಬರೆಯುವಾಗ ಜ ಕೆಳಗೆ ಚುಕ್ಕಿ ಬೇಕು. ಜ಼ಮೀನು ಎಂದು ಉರ್ದು ಬಲ್ಲವರು ಹೇಳುವ ಧ್ವನಿ ಅದು. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಹಳೆಯ ಅಕ್ಷರ ವಿನ್ಯಾಸಕ್ಕೆ ಬದಲಿಸುವಾಗ ಆ ಚುಕ್ಕಿ ಬಿದ್ದುಹೋಗಬಹುದು, ಇಲ್ಲವೇ ಪಕ್ಕದ ಅಕ್ಷರಕ್ಕೆ ಸರಿಯಬಹುದು. ರೋಮನ್ ಅಕ್ಷರದಲ್ಲಿ ಹಾಕಿಸುವುದಾದರೆ ಆರ್, ಐ, ಜೆಡ್, ಓ ಅಷ್ಟೇ. ಜೆಡ್ ಬದಲು ಜೆ ಬಿದ್ದರೆ ಎಸ್ಪೆರಾಂಟೊ ಓದುವವರು 'ರಿಯೊ' ಎಂದು ಓದುತ್ತಾರೆ, ಯಾಕೆಂದರೆ ಅಲ್ಲಿ ಜೆ ಎಂದರೆ ಯ-ಕಾರ. ಗಂಗಾವತಿಯಲ್ಲಿ ಟಿ ಆದ ಮೇಲೆ ಹೆಚ್ ಬೇಡ. ಒತ್ತು ಕೊನೆಯಿಂದ ಎರಡನೆಯ ಸ್ವರದ ಮೇಲೆ, 'ರೀಜ಼ೊ' ಎನ್ನುವಂತೆ. ಪ್ರೂಫ್ ಬಂದಾಗ ಒಂದು ಫೋಟೊ ತೆಗೆದು ಪೋಲೆಂಡಿನ ಗೆಳತಿಗೆ ಕಳಿಸಿ, ಅವರು ಓದಿ ಹೇಳಿದ ಮೇಲೆ ಮೆಷಿನ್ನಿಗೆ ಹಾಕಲು ಹೇಳಿ.